ನೂತನ ಮುಖ್ಯೋಪಾಧ್ಯಾಯರನ್ನು ಅರಿಯುವ ಬಗೆ

'ಮುಖ್ಯೋಪಾಧ್ಯಾಯ' ಎಂಬುದು 'ಮುಖ್ಯ' ಮತ್ತು 'ಉಪಾಧ್ಯಾಯ' ಎಂಬೆರಡು ಪದಗಳು ಗುಣಸಂಧಿಯಿಂದ ಕೂಡಿ ಆದ ಸಮಸ್ತಪದ. 'ಮುಖ್ಯ' ಎಂಬುದಕ್ಕೆ ಮೂಲ 'ಮುಖ'. ಮುಖದಂತೆ ಮುಂದೆ ಇರುವವನು ಮುಖ್ಯನು. 'ಉಪಾಧ್ಯಾಯ' ಶಬ್ದಕ್ಕೆ ವೈಯಾಕರಣರು ಹೇಳುವ ನಿರ್ವಚನ ಇನ್ನೂ ಸ್ವಾರಸ್ಯವಾದುದು. ಯಾರ ಬಳಿಸಾರಿ ಅಧ್ಯಯನ ಮಾಡುವರೋ ಅವನು ಉಪಾಧ್ಯಾಯನು. ತಾನೇ ಪಾಠ ಹೇಳುವ ಸ್ತ್ರೀಗೆ 'ಉಪಾಧ್ಯಾಯಾ', 'ಉಪಾಧ್ಯಾಯೀ' ಎಂಬ ರೂಪಗಳನ್ನೂ ಶಾಸ್ತ್ರವು ವಿಧಿಸಿರುವುದರಿಂದ ಈ ವಿಚಾರ ಮುಖ್ಯೋಪಾಧ್ಯಾಯಿನಿಯರಿಗೂ ಸಮನಾಗಿ ಅನ್ವಯಿಸುತ್ತದೆ. ಮುಖವನ್ನು ಒಂದು ದಿನದಲ್ಲಿ ಕಾಣಬಹುದು. ಬಳಿಸಾರುವುದಕ್ಕೆ ಕಾಲ ಬೇಕು. ಒಂದೇ ಪದದೊಳಗೆ ಪರಿಚಯದ ಈ ಎರಡು ಹಂತಗಳೂ ಅಡಗಿರುವುದನ್ನು ಗಮನಿಸಬೇಕು.

ಪ್ರಾಥಮಿಕ ಶಾಲೆಯೊಂದಕ್ಕೆ ಹೊಸ ಮುಖ್ಯೋಪಾಧ್ಯಾಯರು ಬಂದಾಗ ನಡೆಯುವ ವಿಧಿಗಳು ವಾಚಕರಿಗೆ ತಿಳಿದವೇ. ಹಾರ, ಶಾಲು, ಫಲತಾಂಬೂಲಗಳ ಅರ್ಪಣೆಯಾಗುತ್ತದೆ. ಅವರ ಊರು, ಪದವಿ, ಹಿಂದೆ ಸೇವೆ ಸಲ್ಲಿಸಿದ ಶಾಲೆಗಳ ವಿವರವನ್ನು ಒಬ್ಬರು ಓದಿ ಹೇಳುತ್ತಾರೆ. ಇದು ಶಿಷ್ಟಾಚಾರ, ಅವಶ್ಯವೂ ಹೌದು. ಆದರೆ ಇದು ಕೇವಲ ಮುಖಪರಿಚಯ. ಸಭೆ ಚದುರಿದ ಮೇಲೆ ಎರಡು ಬಗೆಯ ಮಾತು ಹುಟ್ಟುತ್ತದೆ. 'ಹಿಂದಿನವರಂತಹವರು ಮತ್ತೆ ಬರಲಾರರು' ಎಂಬುದೊಂದು. 'ಇನ್ನು ಎಲ್ಲವೂ ಸರಿಹೋಯಿತು' ಎಂಬುದು ಮತ್ತೊಂದು. ಎರಡೂ ಅವಸರದ ತೀರ್ಪುಗಳೇ. ಮೊದಲನೆಯದು ಬಂದವರನ್ನು ಹೋದವರ ನೆರಳಿನಲ್ಲಿ ನಿಲ್ಲಿಸುತ್ತದೆ. ಎರಡನೆಯದು ಒಬ್ಬರ ಹೆಗಲಿನ ಮೇಲೆ ಶಾಲೆಯ ಭಾರವನ್ನೆಲ್ಲ ಹೊರಿಸಿ ಉಳಿದವರನ್ನು ನಿಶ್ಚಿಂತರನ್ನಾಗಿ ಮಾಡುತ್ತದೆ.

ಅಧಿಕಾರ ವಹಿಸಿಕೊಳ್ಳುವ ದಿನ ಛಾರ್ಜು ಪಟ್ಟಿಯೊಂದು ಕೈಯಿಂದ ಕೈಗೆ ಹೋಗುತ್ತದೆ. ದಾಖಲಾತಿ ಪುಸ್ತಕ, ಹಾಜರಿ ಪುಸ್ತಕ, ನಗದು ಪುಸ್ತಕ, ದಾಸ್ತಾನು ಪುಸ್ತಕ, ಬೀರುವಿನ ಬೀಗದ ಕೈ, ಬೆಂಚುಗಳ ಲೆಕ್ಕ, ಭೂಪಟಗಳ ಲೆಕ್ಕ ಎಲ್ಲವೂ ಅದರಲ್ಲಿರುತ್ತವೆ. ಇಲ್ಲದಿರುವುದೇನು? ಎರಡನೆಯ ತರಗತಿಯ ಬಾಲಕನಿಗೆ ಕರಿಹಲಗೆಯ ಅಕ್ಷರ ಮಸುಕಾಗಿ ಕಾಣುತ್ತದೆಂಬ ವಿಷಯ ಅದರಲ್ಲಿಲ್ಲ. ಮನೆಯಲ್ಲಿ ತಮಿಳನ್ನೋ ಉರ್ದುವನ್ನೋ ಆಡುವ ಬಾಲಕಿ ಪ್ರಶ್ನೆ ತಿಳಿಯದೆ ಮೌನವಾಗಿರುವಳೇ ಹೊರತು ಉತ್ತರ ತಿಳಿಯದೆ ಅಲ್ಲ ಎಂಬುದೂ ಇಲ್ಲ. ತಂದೆಯನ್ನು ಕಳೆದುಕೊಂಡ ಮಗುವಿನ ಪುಸ್ತಕದ ಖರ್ಚನ್ನು ಹಳೆಯ ವಿದ್ಯಾರ್ಥಿಯೊಬ್ಬರು ಹೆಸರು ಹೇಳದೆ ಭರಿಸುತ್ತಿರುವುದೂ ಇಲ್ಲ. ಇವು ಹೋದವರ ಮನಸ್ಸಿನಲ್ಲಿದ್ದವು, ಅವರೊಡನೆಯೇ ಹೊರಟುಹೋಗುತ್ತವೆ. ಒಂದು ಬೆಂಚು ಕಡಿಮೆಯಾದರೆ ಲೆಕ್ಕ ತನಿಖೆಯವರು ಕೇಳುವರು; ಒಂದು ಮಗು ಗಮನದಿಂದ ಜಾರಿದರೆ ಕೇಳುವವರು ಯಾರು? ಆದುದರಿಂದ ಹೊಸಬರನ್ನು ನಾವು ಅರಿಯುವುದಕ್ಕೂ ಮೊದಲು ಶಾಲೆಯನ್ನು ಅವರಿಗೆ ಅರಿಕೆ ಮಾಡಿಕೊಡುವುದು ನಮ್ಮ ಕರ್ತವ್ಯವಾಗುತ್ತದೆ. ಈ ಬರೆಯದ ಪಟ್ಟಿಯನ್ನು ಒಪ್ಪಿಸದೆ ಯಾವ ಸ್ವಾಗತವೂ ಪೂರ್ಣವಾಗದು.

ಇನ್ನು ಅವರನ್ನು ಅರಿಯುವ ಬಗೆ. ಇದಕ್ಕೆ ನಮ್ಮ ಯಾದವಗಿರಿಯಲ್ಲಿಯೇ ಒಂದು ಸ್ಮರಣೆ ಇದೆ. ಇಲ್ಲಿ ಮನೆ ಕಟ್ಟಿಸಿ ಬಾಳಿದ ಆರ್. ಕೆ. ನಾರಾಯಣರು ಮುಖ್ಯೋಪಾಧ್ಯಾಯರ ಮಗ. ತಂದೆ ಕೃಷ್ಣಸ್ವಾಮಿ ಅಯ್ಯರ್ ಅವರು ಮಹಾರಾಜ ಕಾಲೇಜಿಯೇಟ್ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿ ನೇಮಕಗೊಂಡುದರಿಂದಲೇ ಅವರು ಮೈಸೂರಿಗೆ ಬಂದದ್ದು. ಆ ಶಾಲೆಯ ಗ್ರಂಥಭಂಡಾರ ಅವರ ಓದಿನ ಹಸಿವನ್ನು ತಣಿಸಿತು. 1935ರಲ್ಲಿ ಪ್ರಕಟವಾದ ಅವರ ಮೊದಲ ಕಾದಂಬರಿ 'ಸ್ವಾಮಿ ಅಂಡ್ ಫ್ರೆಂಡ್ಸ್'ನಲ್ಲಾದರೋ ಮುಖ್ಯೋಪಾಧ್ಯಾಯರ ಬೆತ್ತದ ಮುಂದೆ ನಿಂತು ಶಾಲೆಯನ್ನೇ ತೊರೆದು ಓಡುವ ಬಾಲಕನಿದ್ದಾನೆ. ಗ್ರಂಥಭಂಡಾರದ ಬಾಗಿಲನ್ನು ತೆರೆಯುವುದು, ಬೆತ್ತವನ್ನು ಎತ್ತುವುದು ಎಂಬ ಎರಡೂ ಒಂದೇ ಪೀಠದಿಂದ ಸಾಧ್ಯವೆಂಬುದನ್ನು ಇದು ತೋರುತ್ತದೆ. ಇದೇ ನಾರಾಯಣರು ರಾಜ್ಯಸಭೆಯ ನಾಮಕರಣ ಸದಸ್ಯರಾಗಿ 1989ರಲ್ಲಿ ಪುಸ್ತಕದ ಚೀಲದ ಭಾರಕ್ಕೆ ಬಾಗುತ್ತಿರುವ ಎಳೆಯ ಬೆನ್ನುಗಳ ಪರವಾಗಿ ಮಾತನಾಡಿದರು. ಅಂದು ಹುಟ್ಟಿದ ಚರ್ಚೆ ಬೆಳೆದು 1992ರಲ್ಲಿ ಪ್ರೊಫೆಸರ್ ಯಶ್‌ಪಾಲರ ಸಮಿತಿ ನೇಮಕವಾಯಿತು; ಮರುವರ್ಷ ಅದರ ವರದಿ ಬಂದಿತು. ಕರ್ನಾಟಕ ಸರ್ಕಾರವು 2019ರಲ್ಲಿ ಒಂದು, ಎರಡನೆಯ ತರಗತಿಯ ಮಕ್ಕಳ ಚೀಲ 2 ಕಿಲೋಗ್ರಾಂ, ಮೂರರಿಂದ ಐದನೆಯ ತರಗತಿಯವರದು 3 ಕಿಲೋಗ್ರಾಂ ಮೀರಬಾರದೆಂದು ಆದೇಶಿಸಿತು. ಬಂದ ಹೊಸದರಲ್ಲಿ ಒಂದನೆಯ ತರಗತಿಯ ಮಗುವಿನ ಚೀಲವನ್ನು ತಮ್ಮ ಕೈಯಲ್ಲಿ ಎತ್ತಿನೋಡುವ ಮುಖ್ಯೋಪಾಧ್ಯಾಯರನ್ನು ಅರಿಯಲು ಬೇರೆ ಪರಿಚಯಪತ್ರ ಬೇಕಿಲ್ಲ.

ದೂರದ ಜಪಾನಿನಿಂದಲೂ ಒಂದು ನಿದರ್ಶನವನ್ನು ತೆಗೆದುಕೊಳ್ಳಬಹುದು. ಟೋಕಿಯೋ ನಗರದಲ್ಲಿ ಸೊಸಾಕು ಕೊಬಾಯಾಶಿ ಎಂಬವರು 1937ರಲ್ಲಿ 'ತೊಮೋಯೆ' ಎಂಬ ಶಾಲೆಯನ್ನು ಸ್ಥಾಪಿಸಿದರು. ಹಳೆಯ ರೈಲುಗಾಡಿಯ ಡಬ್ಬಿಗಳೇ ಅಲ್ಲಿ ತರಗತಿಯ ಕೋಣೆಗಳು. ಬೇರೊಂದು ಶಾಲೆಯಿಂದ ಹೊರಹಾಕಲ್ಪಟ್ಟ ಪುಟ್ಟ ಬಾಲಕಿಯೊಬ್ಬಳು ಅಲ್ಲಿಗೆ ಸೇರಲು ಬಂದಾಗ, ಅವರು ಎದುರಿಗೆ ಕುರ್ಚಿ ಎಳೆದುಕೊಂಡು ಕುಳಿತು ಅವಳ ಮಾತನ್ನು ನಾಲ್ಕು ಗಂಟೆಗಳ ಕಾಲ ಆಲಿಸಿದರಂತೆ. ಆ ಬಾಲಕಿಯೇ ಮುಂದೆ ಪ್ರಸಿದ್ಧರಾದ ತೆತ್ಸುಕೊ ಕುರೊಯಾನಾಗಿ. 1945ರ ಬಾಂಬುದಾಳಿಯಲ್ಲಿ ಆ ಶಾಲೆ ಸುಟ್ಟುಹೋಯಿತು. ಆದರೆ 1981ರಲ್ಲಿ ಅವರು ಬರೆದ 'ತೊತ್ತೊ-ಚಾನ್' ಗ್ರಂಥದ ಮೂಲಕ ಆ ಗುರುವಿನ ಕಥೆ ಕನ್ನಡವನ್ನೂ ಸೇರಿ ಅನೇಕ ಭಾಷೆಗಳಿಗೆ ಹರಡಿತು. ಕಟ್ಟಡ ಬೂದಿಯಾದರೂ ಆಲಿಸಿದ ಕಿವಿ ಉಳಿಯಿತು. ನಮ್ಮ ಶಾಲೆಗಳ ಸಂದಣಿಯಲ್ಲಿ ಪ್ರತಿ ಮಗುವಿಗೂ ನಾಲ್ಕು ಗಂಟೆ ಸಾಧ್ಯವಿಲ್ಲ. ನಾಲ್ಕು ನಿಮಿಷವಾದರೂ ಸಾಧ್ಯ. ಆ ನಾಲ್ಕು ನಿಮಿಷ ದೊರೆಯುತ್ತಿದೆಯೇ ಎಂದು ನೋಡುವುದೇ ಮುಖ್ಯೋಪಾಧ್ಯಾಯರನ್ನು ಅರಿಯುವ ಪ್ರಥಮ ಸೋಪಾನ.

ಎರಡನೆಯ ಸೋಪಾನ ಊಟದ ಪಂಕ್ತಿ. 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾಗಿ ಬಳಿಕ ನಾಡಿಗೆಲ್ಲ ವ್ಯಾಪಿಸಿದ 'ಅಕ್ಷರ ದಾಸೋಹ' ಯೋಜನೆಯಲ್ಲಿ, ಮಕ್ಕಳಿಗೆ ಬಡಿಸುವ ಮುನ್ನ ಶಿಕ್ಷಕರೊಬ್ಬರು ರುಚಿ ನೋಡಬೇಕೆಂಬ ನಿಯಮವಿದೆ. ಅದನ್ನು ಪುಸ್ತಕದಲ್ಲಿ ಸಹಿ ಹಾಕಿ ಮುಗಿಸುವವರೂ ಉಂಟು. ಮಕ್ಕಳ ಸಾಲಿನ ಕೊನೆಯಲ್ಲಿ ತಾವೂ ಕುಳಿತು ಉಣ್ಣುವವರೂ ಉಂಟು. ದಾಸೋಹವೆಂಬ ಹೆಸರಿಗೆ ಅರ್ಥ ಬರುವುದು ಎರಡನೆಯವರಿಂದ.

ಮೂರನೆಯದು ಕಾನೂನಿನ ಪಾಲನೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಅಧಿನಿಯಮವು ಮಕ್ಕಳಿಗೆ ಶಾರೀರಿಕ ದಂಡನೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಪ್ರವೇಶಕ್ಕಾಗಿ ಮಗುವನ್ನಾಗಲಿ ಪೋಷಕರನ್ನಾಗಲಿ ಪರೀಕ್ಷೆಗೆ ಒಡ್ಡುವುದನ್ನೂ ವಂತಿಗೆ ವಸೂಲಿಯನ್ನೂ ತಡೆದಿದೆ. ಐದನೆಯ ತರಗತಿಯವರೆಗೆ 150ಕ್ಕಿಂತ ಹೆಚ್ಚು ಮಕ್ಕಳಿರುವಲ್ಲಿ ಐವರು ಶಿಕ್ಷಕರ ಜೊತೆಗೆ ಮುಖ್ಯೋಪಾಧ್ಯಾಯರೊಬ್ಬರು ಇರಬೇಕೆಂದೂ ಅದರ ಅನುಸೂಚಿ ಹೇಳುತ್ತದೆ. ಇದಕ್ಕಿಂತ ಚಿಕ್ಕ ಶಾಲೆಗಳಲ್ಲಿ ಮುಖ್ಯಸ್ಥರು ಸಾಮಾನ್ಯವಾಗಿ ಪಾಠವನ್ನೂ ಹೇಳಿ ಕಚೇರಿಯನ್ನೂ ನೋಡಬೇಕಾಗುತ್ತದೆ. ಪತ್ರಕ್ಕೆ ಉತ್ತರ ತಡವಾಯಿತೆಂದು ದೂರುವ ಮುನ್ನ, ಆ ಹೊತ್ತಿನಲ್ಲಿ ಅವರು ಕಾಗುಣಿತ ತಿದ್ದಿಸುತ್ತಿದ್ದರೇ ಎಂದು ವಿಚಾರಿಸುವುದು ನ್ಯಾಯ.

ಈ ಸಂಚಿಕೆಯನ್ನು ಓದುವ ಮೂರು ವರ್ಗದವರಲ್ಲಿ ನನ್ನ ಬಿನ್ನಹವಿಷ್ಟು. ಸಹೋದ್ಯೋಗಿಗಳಾದ ಶಿಕ್ಷಕರು ಮೊದಲ ವಾರದಲ್ಲಿಯೇ ತಮ್ಮ ತರಗತಿಯ ಆ ಬರೆಯದ ಪಟ್ಟಿಯನ್ನು ಹೊಸ ಮುಖ್ಯೋಪಾಧ್ಯಾಯರ ಮುಂದೆ ಇಡಲಿ. ಒಬ್ಬರನ್ನೊಬ್ಬರು ದೂರುವುದಕ್ಕಲ್ಲ, ಮಕ್ಕಳನ್ನು ಪರಿಚಯಿಸುವುದಕ್ಕೆ. ಹಳೆಯ ವಿದ್ಯಾರ್ಥಿಗಳು ತಮ್ಮ ಕಾಲದ ಮೇಷ್ಟ್ರನ್ನು ಮನಸಾರೆ ಸ್ಮರಿಸಲಿ, ಆದರೆ ಆ ಸ್ಮರಣೆಯನ್ನು ಅಳತೆಗೋಲಾಗಿ ಹಿಡಿದು ಬಾರದಿರಲಿ. ಮಹಾದಾನಿಗಳು ತಾವು ಕೊಟ್ಟ ಹಣದ ಲೆಕ್ಕವನ್ನು ಅವಶ್ಯವಾಗಿ ಕೇಳಲಿ. ಲೆಕ್ಕ ಕೇಳುವುದು ಅಪಮಾನವಲ್ಲ, ಶುದ್ಧವಾದ ವ್ಯವಹಾರ. ಆದರೆ ಪ್ರವೇಶದ ಕಾಲದಲ್ಲಿ ಅವರ ಶಿಫಾರಸು ಪತ್ರ ಮೇಜಿನ ಮೇಲೆ ಬಂದು ಕೂರದಿರಲಿ. ದಾನಿಯ ಬಂಧುವಿನ ಮಗುವಿಗೂ ಗಾರೆಕೆಲಸದವನ ಮಗುವಿಗೂ ಒಂದೇ ನಿಯಮವನ್ನು ಹೇಳುವ ಮುಖ್ಯೋಪಾಧ್ಯಾಯರು ಮೊದಲು ಕಠಿಣರಾಗಿ ತೋರಿಯಾರು; ಅವರು ದಾನದ ಪಾವಿತ್ರ್ಯವನ್ನು ಕಾಯುವವರೆಂದು ತಿಳಿಯಬೇಕು.

ಇದೆಲ್ಲಕ್ಕೂ ಎಷ್ಟು ಕಾಲ ಬೇಕೆಂದರೆ, ಕಡೆಯ ಪಕ್ಷ ಒಂದು ಶೈಕ್ಷಣಿಕ ವರ್ಷ. ಜೂನ್ ತಿಂಗಳ ದಾಖಲಾತಿಯ ನೂಕುನುಗ್ಗಲಿನಲ್ಲಿ ಸಹನೆ ಕಾಣುತ್ತದೆ. ಮಳೆಗಾಲದಲ್ಲಿ ಹಾಜರಿ ಇಳಿದಾಗ ಕಾಳಜಿ ಕಾಣುತ್ತದೆ. ಪರೀಕ್ಷೆಯ ಫಲಿತಾಂಶದ ದಿನ ಹಿಂದುಳಿದ ಮಗುವಿನೊಡನೆ ಆಡುವ ಮಾತಿನಲ್ಲಿ ಹೃದಯ ಕಾಣುತ್ತದೆ. ಅಷ್ಟು ಕಾಲ ತೀರ್ಪನ್ನು ತಡೆಹಿಡಿದು ಸಹಕಾರವನ್ನು ಮುಂದುಮಾಡುವುದು ವಿವೇಕ. ವರ್ಷದ ಕೊನೆಯಲ್ಲಿ ಅತ್ಯಂತ ಹಿಂಜರಿಯುವ ಮಗುವೂ ಅಂಜದೆ ಆ ಕೋಣೆಯ ಬಾಗಿಲಿಗೆ ಬಂದು ನಿಲ್ಲುವುದಾದರೆ, ಬಳಿಸಾರಲು ತಕ್ಕವರೆಂಬ ಅರ್ಥದಲ್ಲಿ ಅವರು ನಿಜವಾಗಿ ಉಪಾಧ್ಯಾಯರು. ಅಂತಹ ಉಪಾಧ್ಯಾಯರು ಶಾಲೆಶಾಲೆಗೂ ಲಭಿಸಲಿ. ಅವರನ್ನು ಗುರುತಿಸುವ ತಾಳ್ಮೆ ನಮಗೂ ಲಭಿಸಲಿ.