ಬೆಟ್ಟದ ದಾರಿಗೆ ಕಲ್ಲಿನ ಮೆಟ್ಟಿಲು

ಮಕ್ಕಳೇ, ನೀವು ಮಧುಗಿರಿ ಬೆಟ್ಟ ಹತ್ತಿದ್ದೀರಾ? ಬೋಳು ಬಂಡೆಯ ಮೇಲೆ ಕಾಲಿಡಲು ಅಲ್ಲಲ್ಲಿ ಮೆಟ್ಟಿಲು ಕಡೆದಿದ್ದಾರೆ. ಬಂಡೆ ಸವೆಯುವುದು ಬಹಳ ನಿಧಾನ. ಮಣ್ಣಿನ ಇಳಿಜಾರಿನಲ್ಲಿ ಹಾಗಲ್ಲ. ಜನ ತುಳಿದಲ್ಲಿ ಹುಲ್ಲು ಸಾಯುತ್ತದೆ. ಮಳೆ ಬಂದರೆ ಆ ಕಾಲುದಾರಿಯೇ ನೀರಿಗೆ ಕಾಲುವೆ! ದಾರಿ ಕೊರಕಲಾದಾಗ ನಾವು ಪಕ್ಕದಲ್ಲಿ ನಡೆಯುತ್ತೇವೆ. ಅಲ್ಲಿಯೂ ಹುಲ್ಲು ಸಾಯುತ್ತದೆ, ಕೊರಕಲು ಅಗಲವಾಗುತ್ತದೆ.

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬೇರ್ ಮೌಂಟನ್ ಬೆಟ್ಟದಲ್ಲಿ 1923ರಲ್ಲಿ ತೆರೆದ ಕಾಲುದಾರಿ ಹೀಗೆಯೇ ಹಾಳಾಗಿತ್ತು. ಅದಕ್ಕೆ ಸ್ವಯಂಸೇವಕರು ಸೇರಿ ಗ್ರಾನೈಟ್ ಮೆಟ್ಟಿಲು ಹಾಕಿದರು. ಒಂದಲ್ಲ ಎರಡಲ್ಲ, ಸಾವಿರಕ್ಕೂ ಹೆಚ್ಚು! ನಮ್ಮೂರಿನ ಶ್ರಮದಾನದ ಹಾಗೆಯೇ ಅನ್ನಿ.

ಒಂದು ಅಡಿ ಉದ್ದ, ಅಗಲ, ಎತ್ತರವಿರುವ ಗ್ರಾನೈಟ್ ತುಂಡು ಸುಮಾರು 75 ಕಿಲೋಗ್ರಾಂ ತೂಗುತ್ತದೆ. ಮೆಟ್ಟಿಲುಗಲ್ಲು ಅದಕ್ಕಿಂತ ದೊಡ್ಡದು. ಅದನ್ನು ಎತ್ತುವುದಿಲ್ಲ, ಹಾರೆಯಿಂದ ಮೀಟುತ್ತಾರೆ. ಹಾರೆ ಎಂದರೆ ನೀವು ಪಾಠದಲ್ಲಿ ಓದಿದ ಸನ್ನೆಯೇ.

ಕೆಲಸ ಬುಡದಿಂದ ಶುರುವಾಗುತ್ತದೆ. ಮೇಲಿನ ಕಲ್ಲಿನ ಮುಂಭಾಗ ಕೆಳಗಿನ ಕಲ್ಲಿನ ಹಿಂಭಾಗದ ಮೇಲೆ ಕೂರಬೇಕು. ಆಗ ಮೇಲಿನದರ ಭಾರ ಕೆಳಗಿನದನ್ನು ಅಲುಗದಂತೆ ಒತ್ತಿ ಹಿಡಿಯುತ್ತದೆ. ಸಂದಿಗಳಿಗೆ ಮಣ್ಣು ತುಂಬಿದರೆ ನೀರು ಅದನ್ನು ಹೊತ್ತೊಯ್ಯುತ್ತದೆ. ಆದ್ದರಿಂದ ಕಲ್ಲಿನ ಚೂರುಗಳನ್ನೇ ಗಟ್ಟಿಯಾಗಿ ತುಂಬುತ್ತಾರೆ. ಮೆಟ್ಟಿಲು ಮುಂದಕ್ಕೆ ತುಸು, ತುಸು ಮಾತ್ರ, ವಾಲಿರಬೇಕು. ಇಲ್ಲವಾದರೆ ನೀರು ನಿಂತು ಪಾಚಿ ಕಟ್ಟಿ ಕಾಲು ಜಾರುತ್ತದೆ.

ಮಾಡಿ ನೋಡಿ: ಅಂಗಳದಲ್ಲಿ ಒದ್ದೆ ಮಣ್ಣಿನ ಎರಡು ಗುಡ್ಡೆ ಮಾಡಿ. ಒಂದರಲ್ಲಿ ಬೆರಳಿನಿಂದ ನೇರ ದಾರಿ ಕೊರೆಯಿರಿ. ಇನ್ನೊಂದರಲ್ಲಿ ಚಪ್ಪಟೆ ಕಲ್ಲುಗಳನ್ನು ಬುಡದಿಂದ ಮೇಲಕ್ಕೆ ಜೋಡಿಸಿ. ಎರಡರ ತುದಿಯಿಂದಲೂ ಒಂದೊಂದು ಚೊಂಬು ನೀರು ಸುರಿಯಿರಿ. ಯಾವ ಗುಡ್ಡೆಯ ಬುಡದಲ್ಲಿ ಹೆಚ್ಚು ಮಣ್ಣು ಬಂದು ಸೇರಿತು?