ದವಡೆಯ ಮೂಳೆಯೂ ದ್ರವದ ಒತ್ತಡವೂ

ಇಳಕಲ್ಲಿನ ಕೆಂಪು ಗ್ರಾನೈಟನ್ನು ಸೀಳಲು ಉಕ್ಕಿನ ಉಪಕರಣಗಳು ಬೇಕು. ಬಾದಾಮಿಯ ಮರಳುಗಲ್ಲಿನಲ್ಲಿ ಗುಹೆಗಳನ್ನು ಕೊರೆದ ಚಾಲುಕ್ಯ ಶಿಲ್ಪಿಗಳೂ ಉಳಿಯನ್ನೇ ನಂಬಿದ್ದರು. ಖಡಕ್ ರೊಟ್ಟಿಯನ್ನು ಪುಡಿಗೈಯುವ ನಮ್ಮ ದವಡೆಯ ಮೂಳೆಯೂ ಗಟ್ಟಿಯಾದುದೇ. ಆದರೆ ಅದರೊಳಗೆ ತುಸು ದ್ರವವು ಸೇರಿಕೊಂಡು, ನೋವಿನ ಸುಳಿವನ್ನೂ ಕೊಡದೆ, ಗೋಲಿಯಷ್ಟು ದೊಡ್ಡ ಪೊಳ್ಳನ್ನು ಮಾಡಬಲ್ಲುದು. ಇದಕ್ಕೆ ‘ಸಿಸ್ಟ್’ ಎಂದು ಹೆಸರು, ನಾವು ದ್ರವಚೀಲವೆನ್ನೋಣ.

ಇದರ ಮೂಲವು ಬಹುಮಟ್ಟಿಗೆ ಹುಳುಕುಹಲ್ಲು. ತಿರುಳು ಸತ್ತ ಹಲ್ಲಿನ ಬೇರಿನ ತುದಿಯಲ್ಲಿ ಉರಿಯೂತವುಂಟಾಗುತ್ತದೆ. ಹಲ್ಲು ರೂಪುಗೊಂಡ ಕಾಲದಿಂದ ಅಲ್ಲಿ ಸುಮ್ಮನೆ ಉಳಿದಿದ್ದ ಕೆಲವು ಜೀವಕೋಶಗಳು ಆಗ ಕೆರಳಿ ಬೆಳೆದು, ಪೊಳ್ಳೊಂದನ್ನು ಸುತ್ತುವರಿದ ಪೊರೆಯಾಗುತ್ತವೆ. ಪೊರೆಯಿಂದ ಉದುರಿದ ಕೋಶಗಳು ಒಳಗೇ ಸತ್ತು ಕರಗುವುದರಿಂದ ದ್ರವವು ಸಾಂದ್ರವಾಗುತ್ತದೆ.

ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಯಿಟ್ಟರೆ ಉಬ್ಬುವುದನ್ನು ನಾವೆಲ್ಲರೂ ಕಂಡಿದ್ದೇವೆ. ಸಿಪ್ಪೆಯು ನೀರನ್ನು ಒಳಗೆ ಬಿಡುತ್ತದೆ. ಸಕ್ಕರೆಯನ್ನು ಅಷ್ಟು ಸುಲಭವಾಗಿ ಹೊರಗೆ ಬಿಡದು. ಈ ಅಭಿಸರಣ ಕ್ರಿಯೆಯೇ ದ್ರವಚೀಲದಲ್ಲಿಯೂ ನಡೆಯುತ್ತದೆ. ಸುತ್ತಲಿನ ಊತಕದಿಂದ ನೀರು ಒಳನುಗ್ಗುತ್ತದೆ, ಒತ್ತಡವೇರುತ್ತದೆ. ದ್ರವದ ಒತ್ತಡವು ಎಲ್ಲ ದಿಕ್ಕಿಗೂ ಸಮನಾಗಿರುವುದೆಂಬ ಪಾಸ್ಕಲನ ನಿಯಮವನ್ನು ವಿದ್ಯಾರ್ಥಿಗಳು ಬಲ್ಲರು. ಕ್ಷಕಿರಣ ಚಿತ್ರದಲ್ಲಿ ಈ ಪೊಳ್ಳು ಬಹುಶಃ ದುಂಡಗೆ ಕಾಣಲು ಇದೂ ಒಂದು ಕಾರಣ.

1948ರಲ್ಲಿ ಇಂಗ್ಲೆಂಡಿನ ಟಾಲರ್ ಎಂಬ ವೈದ್ಯರು ಈ ವಿಷಯದಲ್ಲಿ ಪ್ರಯೋಗಗಳನ್ನು ಪ್ರಕಟಿಸಿದರು. ಒಳಗಿನ ಒತ್ತಡವು ಸುಮಾರು 70 ಸೆಂಟಿಮೀಟರ್ ಎತ್ತರದ ನೀರಿನ ಕಂಬದಷ್ಟು. ಎಂದರೆ, ವಾಯುಭಾರದ ಹದಿನೈದನೆಯ ಒಂದು ಪಾಲು! ಇಷ್ಟರಿಂದ ಇಳಕಲ್ಲಿನ ಕಲ್ಲು ಕೂದಲೆಳೆಯಷ್ಟೂ ಬಿರಿಯದು. ಮೂಳೆ ಹೇಗೆ ಸೋತಿತು?

ಮೂಳೆ ಕಲ್ಲಲ್ಲ, ಜೀವಂತ ವಸ್ತು ಎಂಬುದೇ ಇಲ್ಲಿಯ ರಹಸ್ಯ. ಅದನ್ನು ಕಟ್ಟುವ ಕೋಶಗಳೂ ಕರಗಿಸುವ ಕೋಶಗಳೂ ಅದರಲ್ಲಿ ಸದಾ ದುಡಿಯುತ್ತಿರುತ್ತವೆ. ಎಡೆಬಿಡದ ಒತ್ತಡವು ಕರಗಿಸುವ ಕೋಶಗಳನ್ನು ಪ್ರಚೋದಿಸುತ್ತದೆ. ಪೊರೆಯೂ ಸುಮ್ಮನಿರುವುದಿಲ್ಲ: ಅದು ಪ್ರೊಸ್ಟಾಗ್ಲಾಂಡಿನ್ ಎಂಬ ದ್ರವ್ಯಗಳನ್ನು ಸ್ರವಿಸಿ ಮೂಳೆಯನ್ನು ಕರಗಿಸಲು ನೆರವಾಗುವುದೆಂದು 1973ರಲ್ಲಿ ತಿಳಿದುಬಂದಿತು. ಆದುದರಿಂದ ಎಲ್ಲವನ್ನೂ ಒತ್ತಡದ ತಲೆಗೇ ಕಟ್ಟುವುದು ಸರಿಯಲ್ಲ. ಕೆರಟೋಸಿಸ್ಟ್ ಎಂಬ ಬಗೆಯಂತೂ ದುಂಡಗೆ ಉಬ್ಬುವುದಕ್ಕಿಂತ ಹೆಚ್ಚಾಗಿ ದವಡೆಯ ಉದ್ದಕ್ಕೆ ಹರಿದು ಬೆಳೆಯುತ್ತದೆ. ಅಲ್ಲಿ ಪೊರೆಯ ಕೋಶಗಳ ವೃದ್ಧಿಯೇ ಮುಖ್ಯ.

ಒಳಗೆ ಮೂಳೆ ಕರಗಿದಂತೆ ಹೊರಗೆ ಹೊಸ ಪದರ ಕೂಡುವುದರಿಂದ ದವಡೆ ಉಬ್ಬುತ್ತದೆ. ಕಡೆಗೆ ಗೋಡೆಯು ಮೊಟ್ಟೆಯ ಚಿಪ್ಪಿನಂತೆ ತೆಳುವಾಗಿ, ಬೆರಳಿನಿಂದ ಒತ್ತಿದರೆ ಚಟಚಟಿಸುವುದುಂಟು. ಅಲಕ್ಷಿಸಿದರೆ ಸಣ್ಣ ಪೆಟ್ಟಿಗೂ ದವಡೆ ಮುರಿದೀತು. ಕೀವು ತುಂಬುವವರೆಗೆ ನೋವಿಲ್ಲದಿರುವುದೇ ಇದರ ದೊಡ್ಡ ಅಪಾಯ. ಹುನಗುಂದ, ಬಾದಾಮಿಗಳ ಕಡೆಯವರಿಗೆ ಪರೀಕ್ಷೆಗೆ ದೂರ ಹೋಗಬೇಕಾಗಿಲ್ಲ, ಬಾಗಲಕೋಟೆಯಲ್ಲಿಯೇ ಪಿ. ಎಂ. ನಾಡಗೌಡ ಸ್ಮಾರಕ ದಂತ ಮಹಾವಿದ್ಯಾಲಯವಿದೆ.

ಸಣ್ಣ ದ್ರವಚೀಲವನ್ನು ವೈದ್ಯರು ಪೂರ್ತಿಯಾಗಿ ಕಿತ್ತು ತೆಗೆಯುತ್ತಾರೆ. ದೊಡ್ಡದಾದರೆ, ಜರ್ಮನಿಯ ಪಾರ್ಚ್ 1892ರಲ್ಲಿ ವಿವರಿಸಿದ ಉಪಾಯವೊಂದುಂಟು: ಬಾಯಿಯ ಕಡೆಗೆ ಒಂದು ಕಿಟಕಿಯನ್ನು ತೆರೆದುಬಿಡುವುದು. ದ್ರವವು ಹರಿದು ಒತ್ತಡವಿಳಿದೊಡನೆ ಕಟ್ಟುವ ಕೋಶಗಳ ಕೈ ಮೇಲಾಗುತ್ತದೆ. ಆ ತೂತಿನಲ್ಲಿ ಅನ್ನದ ಅಗುಳು ಸಿಕ್ಕದಂತೆ ದಿನವೂ ತೊಳೆಯುತ್ತಿರಬೇಕು, ಅಷ್ಟೆ. ಕೆಲವು ತಿಂಗಳುಗಳಲ್ಲಿ ಪೊಳ್ಳು ಅಂಚಿನಿಂದ ನಡುವಿಗೆ ಕಿರಿದಾಗುತ್ತ, ಹೊಸ ಮೂಳೆಯಿಂದ ತುಂಬುತ್ತ ಬರುತ್ತದೆ.