ಕಸ ಮತ್ತು ದಾಸರ ಹಕ್ಕು

ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದೂ ಈಮಾನಿನ ಒಂದು ಶಾಖೆಯೆಂದು ಪ್ರವಾದಿ(ಸ) ಕಲಿಸಿದರು. ಹಾಗಾದರೆ ಅದನ್ನು ದಾರಿಗೆ ತಂದು ಹಾಕುವವನ ಸ್ಥಿತಿಯೇನು?

ಕಡೂರು, ತರೀಕೆರೆಗಳಲ್ಲಿ ಕಸ ಸಾಗಿಸುವ ಹೊಣೆ ಪುರಸಭೆಯದು. ಅಜ್ಜಂಪುರದಲ್ಲಿ ಪಟ್ಟಣ ಪಂಚಾಯಿತಿಯದು. ಬೇರ್ಪಡಿಸುವ ಹೊಣೆ ಮಾತ್ರ ಮನೆಯವರದು. ಹಸಿ, ಒಣ, ಅಪಾಯಕಾರಿ ಕಸಗಳನ್ನು ಬೇರೆ ಬೇರೆಯಾಗಿ ಕೊಡಬೇಕು, ಬೀದಿಗೆ ಎಸೆಯಬಾರದು, ಸುಡಬಾರದು ಎಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ವಿಧಿಸಿದ್ದವು. ಹಸಿ ಕಸ ಗೊಬ್ಬರವಾಗುತ್ತದೆ. ಪ್ಲಾಸ್ಟಿಕ್ ಬೆರೆತರೆ ಎರಡೂ ಹಾಳು.

ವುಝೂ ಮಾಡುವಾಗ ನಮಗಿರುವ ಎಚ್ಚರ ಕಸದ ಬಕೆಟ್ಟಿನ ಬಳಿ ಇರುವುದಿಲ್ಲ. ಹಳಸಿದ ಅನ್ನದೊಳಗೇ ಒಡೆದ ಗಾಜು, ಬ್ಲೇಡು ಸೇರುತ್ತವೆ. ಅದರಿಂದ ಪೌರಕಾರ್ಮಿಕರ ಕೈ ಕೊಯ್ದರೆ ಅದು ದಾಸರ ಹಕ್ಕಿನ ವಿಷಯ. ನೊಂದವರು ಕ್ಷಮಿಸದೆ ತೀರದು. ಬ್ಲೇಡು ಯಾವ ಮನೆಯದೆಂದು ಅವರಿಗೆ ತಿಳಿಯದು. ಕ್ಷಮೆ ಕೇಳಬೇಕಿತ್ತೆಂದು ನಮಗೂ ತಿಳಿಯದು.